ಜನರೇಟರಿಗೆ ಎರಡು ನಿಂಬೆಹಣ್ಣು

ನಾನು ಓದು ನಿಲ್ಲಿಸಿದ್ದು ೨೦೦೩ರಲ್ಲಿ, ಒಂಬತ್ತನೇ ಕ್ಲಾಸಿಗೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆಗ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಅಪ್ಪ ಅಮ್ಮ ಒಂದು ಮೆಸ್ ನಡೆಸುತ್ತಿದ್ದರು. ಐಎಎಸ್ ಪರೀಕ್ಷೆಗೆ ಓದಲು ಕರ್ನಾಟಕದಿಂದ ಬಂದ ಹುಡುಗರು ನಮ್ಮಲ್ಲೇ ಉಣ್ಣುತ್ತಿದ್ದರು. ಅಷ್ಟೊಂದು ಓದುವವರಿಗೆ ಬಡಿಸಿ ಬಡಿಸಿಯೇ ನನಗೆ ಓದು ಸಾಕಾಯಿತು ಅಂತ ಈಗ ತಮಾಷೆ ಮಾಡುತ್ತೇನೆ. ನಿಜ ಅಂದರೆ, ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ನನಗೆ ಹಸಿವೇ ಆಗುತ್ತಿರಲಿಲ್ಲ.

ಆಗಿನ ದೆಹಲಿಯ ಬೇಸಿಗೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಖಕ್ಕೆ ಹೊಡೆಯುವ ಬಿಸಿಗಾಳಿ, ಕೂಲರಿನ ಒದ್ದೆ ಹುಲ್ಲಿನ ವಾಸನೆ. ಮೈ ಇನ್ನೇನು ತಣ್ಣಗಾಯಿತು ಅನ್ನುವಾಗ ಕರೆಂಟ್ ಹೋಗೋದು. ಬೀದಿಗೆ ಬೀದಿಯೇ "ಲೈಟ್ ಗಯೀ!" ಅಂತ ಕೂಗೋದು. ಅಮ್ಮನಿಗೆ ಮಾತ್ರ ಗ್ರೈಂಡರಿನ ಚಿಂತೆ. ಭಾನುವಾರದ ದೋಸೆಯ ಆಸೆಗೇ ಹುಡುಗರು ವಾರವಿಡೀ ನಮ್ಮ ತಿಳಿಸಾರು ಸಹಿಸುತ್ತಿದ್ದದ್ದು. ಹಿಟ್ಟು ರುಬ್ಬಲಾಗದೆ ಉಪ್ಪಿಟ್ಟು ಬಡಿಸಿದಾಗ ಕೆಲವರು ಪಕ್ಕದ ಪರಾಠಾ ಅಂಗಡಿ ಕಡೆ ಸರಿದರು.

ಅಪ್ಪ ಒಂದು ಹಳೇ ಜನರೇಟರ್ ತಂದರು. ಸ್ಕೂಲು ಬೇಡ ಅಂತ ಹಟ ಹಿಡಿದಿದ್ದ ನನಗೆ ಅಂದರು:

"ಇದು ನಿನ್ನ ವಶ. ಶನಿವಾರ ಇದರಲ್ಲಿ ಗ್ರೈಂಡರ್ ಓಡಿಸಿದೆಯೋ, ಗುರ್ನಾಮ್ ಚಾಚಾನ ಹತ್ತಿರ ಕೆಲಸಕ್ಕೆ ಸೇರ್ಕೋ. ಇಲ್ಲವೋ, ಜುಲೈನಲ್ಲಿ ಬ್ಯಾಗ್ ಹಾಕ್ಕೊಂಡು ಸ್ಕೂಲಿಗೆ ನಡಿ."

ಗುರ್ನಾಮ್ ಚಾಚಾ ನಮ್ಮ ಬೀದಿ ಮೂಲೆಯ ಎಲೆಕ್ಟ್ರಿಷಿಯನ್. ಕಳ್ಳರ ಭಯಕ್ಕೆ ಅಪ್ಪ ಜನರೇಟರನ್ನು ಮೆಟ್ಟಿಲ ಕೆಳಗೇ ಇಡಬೇಕು ಅಂತಿದ್ದರು. ಚಾಚಾ ಕೇಳಲಿಲ್ಲ. "ಇದರ ಹೊಗೆ ಮನೆಯೊಳಗೆ ತುಂಬಿದರೆ ಮಲಗಿದವರು ಮತ್ತೆ ಏಳಲ್ಲ, ಭಾಯಿಸಾಬ್. ಚಲೋ, ಮೇಲೆ!" ಮಾಳಿಗೆಯಲ್ಲಿ, ಕಿಟಕಿಗಳಿಂದ ದೂರ, ನಾಲ್ಕೂ ಕಡೆ ಬಯಲಾದ ತಗಡಿನ ಚಪ್ಪರದಡಿ ಕೂರಿಸಿದೆವು. ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ನೀರು ತುಂಬಿದ ತಟ್ಟೆ ಇಟ್ಟು, ನೀರು ಯಾವ ಕಡೆಗೂ ಚೆಲ್ಲದಿರುವವರೆಗೂ ಚಾಚಾ ಯಂತ್ರವನ್ನು ಅತ್ತಿತ್ತ ಸರಿಸಿದರು.

ಅಡುಗೆಮನೆ ಗೋಡೆಗೆ ಹಿಡಿಕೆಯಿರುವ ಒಂದು ಕಬ್ಬಿಣದ ಡಬ್ಬಿ ಬಂತು. ಹಿಡಿಕೆ ಮೇಲಿದ್ದರೆ ಬೀದಿಯ ಕರೆಂಟ್, ಕೆಳಗಿದ್ದರೆ ನಮ್ಮದು, ನಡುವೆ ಇದ್ದರೆ ಯಾವುದೂ ಇಲ್ಲ. ಎರಡೂ ಒಟ್ಟಿಗೆ ಸೇರಿದರೆ ಕಂಬದ ಮೇಲಿರುವ ಲೈನ್‌ಮನ್ ಸತ್ತೇಹೋಗುತ್ತಾನೆ ಅಂತ ಚಾಚಾ ಹೇಳಿದ್ದು ಕೇಳಿ ಅಮ್ಮ ಎದೆ ಹಿಡಿದುಕೊಂಡಳು. ಅವತ್ತಿಂದ ಹಿಡಿಕೆ ಅವಳ ಕೈಗೆ, ಜನರೇಟರ್ ಎಳೆದು ಶುರುಮಾಡುವ ಹಗ್ಗ ನನ್ನ ಕೈಗೆ.

ಶನಿವಾರ ಮಧ್ಯಾಹ್ನ ಅಕ್ಕಿ ಬೇಳೆ ನೆಂದು ಕೂತಿದ್ದವು, ಕರೆಂಟ್ ಹೋಯಿತು. ಚಾಚಾ ದೂರದ ಓಖ್ಲಾದಲ್ಲಿ ಯಾವುದೋ ಕೆಲಸದಲ್ಲಿದ್ದರು. ಪೂಜೆ ಇಲ್ಲದೆ ಯಂತ್ರ ಶುರುಮಾಡುವವರಲ್ಲ ನಾವು. ಅಮ್ಮ ಕುಂಕುಮ ಇಟ್ಟು ಕೆಳಗಿಳಿದಳು. ಅಪ್ಪ ಕಾಯಿ ಒಡೆದರು, ದಪ್ಪ ನಿಂಬೆಹಣ್ಣು ಎರಡನ್ನು ಜನರೇಟರಿನ ಮುಂದಿನ ಕಾಲುಗಳಡಿ ತೂರಿಸಿದರು, ಥೇಟ್ ಹೊಸ ಲಾರಿಯ ಚಕ್ರಕ್ಕೆ ಇಟ್ಟ ಹಾಗೆ. ಓದುವ ಹುಡುಗರೆಲ್ಲ ಮಾಳಿಗೆ ಹತ್ತಿದ್ದರು.

"ಅಮ್ಮಾ, ಹಿಡಿಕೆ ನಡುವೆ?"

"ನಡುವೆ ಕಣೋ, ಎಳಿ!"

ಎಳೆದೆ. ಗುಡುಗುಡು ಅಂತು. ಎಲ್ಲರೂ ಹೋ ಅಂದರು. ನಿಂತುಹೋಯಿತು. ಮತ್ತೆ ಎಳೆದೆ, ಮತ್ತೆ ಕೆಮ್ಮಿ ನಿಂತಿತು.

"ಏನ್ರಿ ಇಂಜಿನಿಯರ್ ಸಾಹೇಬ್ರ," ಅಂದ ಧಾರವಾಡದ ಬಸಣ್ಣ, "ನಾಳೆ ದೋಸಿನೋ, ಉಪ್ಪಿಟ್ಟೋ? ಮೊದಲ ಹೇಳ್ರಿ, ನಾ ಪರಾಠಾಕ್ಕ ಹೋಗಾಂವ."

"ಜುಲೈಗೆ ಹೊಸ ಯೂನಿಫಾರ್ಮ್ ಹೊಲಿಸೋಣ ಬಿಡು," ಅಂದರು ಅಪ್ಪ. ಪೆಟ್ರೋಲ್ ಕಡಿಮೆಯೇನೋ ಅಂತ ಕ್ಯಾನ್ ಎತ್ತಿದರು.

"ಅಪ್ಪಾ, ಎಂಜಿನ್ ಬಿಸಿ ಇದೆ! ಕ್ಯಾನ್ ಕೆಳಗಿಡಿ!"

ಅಪ್ಪನ ಮೇಲೆ ನಾನು ಹಾಗೆ ಕೂಗಿದ್ದು ಅದೇ ಮೊದಲು. ಅವರು ಇಟ್ಟೇಬಿಟ್ಟರು. ಆಗ ನನಗೆ ಚಾಚಾನ ತಟ್ಟೆ ನೆನಪಾಯಿತು. ನೀರು ತುಂಬಿ ಟ್ಯಾಂಕಿನ ಮೇಲಿಟ್ಟೆ. ನೀರೆಲ್ಲ ಹಿಂದಕ್ಕೆ ಓಡಿ ನನ್ನ ಪಾದದ ಮೇಲೆ ಚೆಲ್ಲಿತು. ಎಂಜಿನ್ ಎಣ್ಣೆ ಕಡಿಮೆಯಾದರೆ ತಾನಾಗೇ ನಿಲ್ಲುವ ಯಂತ್ರ ಅದು. ವಾಲಿಸಿದರೆ ಎಣ್ಣೆ ಒಂದು ಕಡೆ ಸೇರಿ, ಅದಕ್ಕೆ ಎಣ್ಣೆಯೇ ಇಲ್ಲ ಅನಿಸಿಬಿಡುತ್ತದೆ.

"ನಿಂಬೆಹಣ್ಣು ತೆಗೀಬೇಕು."

"ದೇವರ ಹೆಸರಲ್ಲಿ ಇಟ್ಟಿದ್ದು ಕಣೋ!"

"ಲಾರಿಯಾದ್ರೆ ಹತ್ತಿಸ್ಕೊಂಡು ಮುಂದೆ ಹೋಗುತ್ತೆ ಅಪ್ಪಾ. ಇದು ಎಲ್ಲಿಗೆ ಹೋಗುತ್ತೆ?"

ಮಾಳಿಗೆಯೆಲ್ಲ ನಗು. ಅಪ್ಪನೂ ನಕ್ಕು, ಬಗ್ಗಿ, ಬಸಣ್ಣನ ಜೊತೆ ಯಂತ್ರ ಎತ್ತಿ ಹಿಡಿದರು. ಹಣ್ಣು ತೆಗೆದೆ, ಹಗ್ಗ ಎಳೆದೆ. ಈ ಸಲ ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಓಡಲು ಬಿಟ್ಟು ಕೂಗಿದೆ:

"ಅಮ್ಮಾ, ಕೆಳಗೆ!"

ಕಟಕ್. ಮಾಳಿಗೆಯ ಸದ್ದಿನ ನಡುವೆಯೂ ಅಡುಗೆಮನೆಯ ಗ್ರೈಂಡರಿನ ಗರಗರ ನನಗೆ ಕೇಳಿಸಿತು. ಬಸಣ್ಣ ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದ. ಆ ನಿಂಬೆಹಣ್ಣಲ್ಲೇ ಅಮ್ಮ ಎಲ್ಲರಿಗೂ ಪಾನಕ ಮಾಡಿದಳು. ಮರುದಿನ ದೋಸೆ ಹುಯ್ಯುತ್ತಲೇ ಅಪ್ಪ ಅಂದರು: "ನಾಳೆ ಬೆಳಿಗ್ಗೆ ಚಾಚಾನ ಅಂಗಡಿ. ಸ್ನಾನ ಮಾಡ್ಕೊಂಡು ಹೋಗು."

ಈಗಿನ ಜನರೇಟರುಗಳು ಕರೆಂಟ್ ಹೋದ ಕೂಡಲೇ ತಾವೇ ಶುರುವಾಗುತ್ತವೆ. ಅವನ್ನು ಕೂರಿಸಿಕೊಡುವವನೇ ನಾನು. ತಟ್ಟೆಯ ನೀರಿಟ್ಟು ನೋಡದೆ ಯಾವುದನ್ನೂ ಶುರುಮಾಡಿಲ್ಲ. ಆದರೆ ಯಾರೂ ಮಾಳಿಗೆಗೆ ಓಡುವುದಿಲ್ಲ, ಯಾರೂ ಹೋ ಅನ್ನುವುದಿಲ್ಲ.

ಇವತ್ತು ನನಗಿರುವುದು ದೆಹಲಿ ಹತ್ತಿರದ ಮಾನೇಸರ್‌ನಲ್ಲಿ ಸ್ವಂತ ಅಂಗಡಿ ಒಂದು, ಟೆಂಪೋ ಒಂದು, ಕೆಲಸಕ್ಕೆ ಐದು ಜನ. ಅಮ್ಮನ ಗ್ರೈಂಡರ್ ಒಂದು, ಇನ್ನೂ ಓಡುತ್ತದೆ. "ನಡುವೆ ಕಣೋ, ಎಳಿ!" ಅಂತ ಕೆಳಗಿನಿಂದ ಕೂಗುವವರು, ಒಬ್ಬರೂ ಇಲ್ಲ.