ಗೆರೆ ಬಿಡದ ಸುಮಂಗಲಾ
ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಡಿಟಿಪಿ ಅಂಗಡಿ ಇಟ್ಟಿರುವ ಸುಮಂಗಲಾಗೆ ಜಪಾನಿ ಭಾಷೆಯ ಒಂದಕ್ಷರವೂ ಓದಲು ಬರುವುದಿಲ್ಲ. ಆದರೆ ಅದರ ಗೆರೆಯೊಂದು ಸೊಟ್ಟಗಾದರೆ ಆಕೆಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಚಡಚಣದ ವ್ಯಾಪಾರಿ ಬಸಂತರಾಯರು ಜಪಾನಿಗೆ ಕಳಿಸುವ ಒಣದ್ರಾಕ್ಷಿಯ ಕಾಗದಪತ್ರಗಳನ್ನೆಲ್ಲ ಜೋಡಿಸುವವಳು ಆಕೆಯೇ. ಫಾಂಟು ಆರಿಸುವಾಗ ಜಪಾನಿನಿಂದ ಬಂದ ಮಾದರಿ ಪತ್ರ ಪಕ್ಕಕ್ಕಿಟ್ಟುಕೊಂಡು, ಎತ್ತು ಕೊಳ್ಳಲು ಬಂದ ರೈತನಂತೆ ಹತ್ತು ಸಲ ನೋಡಿ, "ಇದರ ಕಾಲು ಸೊಟ್ಟ ಐತಿ, ಇದರ ಬಾಲ ಮೋಟ ಆತು" ಎಂದು ಒಂದೊಂದನ್ನೇ ತಳ್ಳಿಹಾಕುತ್ತಾಳೆ. ಮೊನ್ನೆ ಅವಸರಕ್ಕೆ ಬಿದ್ದ ಬಸಂತರಾಯರು, "ಚೀನಿ ಫಾಂಟ ಹಾಕಿ ಕೊಡವಾ, ಎರಡರ ಅಕ್ಷರಾನೂ ಹೆಚ್ಚುಕಡಿಮಿ ಒಂದ ಅದಾವ. ಒಂದ್ ಗೆರಿ ಅತ್ತಾಗಿತ್ತಾಗ ಆದ್ರ ಯಾರ್ ನೋಡ್ತಾರ?" ಎಂದರು. "ಓದೋರು ನೋಡ್ತಾರ್ರಿ. ಹಂಗ ಬೇಕಂದ್ರ ಬ್ಯಾರೆ ಅಂಗಡಿಗೆ ನಡೀರಿ" ಎಂದು ಸುಮಂಗಲಾ ಫೈಲು ಮುಚ್ಚಿಯೇಬಿಟ್ಟಳು. ರಾಯರು ಗೊಣಗುತ್ತ ಬೆಂಚಿನ ಮೇಲೆ ಕೂತು, ಸರಿಯಾದ ಫಾಂಟು ಸಿಗುವವರೆಗೂ ಕಾದರು. ಸುಮಂಗಲಾಳ ಈ ಹಟ ಇಂದಿನದಲ್ಲ. ಹತ್ತು ವರ್ಷದ ಹಿಂದೆ ತಾಯಿ ಗುಂಡವ್ವ ತೀರಿಕೊಂಡಾಗ, ಅಚ್ಚಾಗಿ ಬಂದ ಶ್ರದ್ಧಾಂಜಲಿ ಕಾರ್ಡಿನಲ್ಲಿ ಒತ್ತಕ್ಷರ ಉದುರಿ ಹೆಸರು 'ಗುಂಡವ' ಎಂದಾಗಿತ್ತು. "ಇರ್ಲಿ ಬಿಡವಾ, ತಿಳೀತೈತಿ" ಎಂದರು ಬಂಧುಗಳೆಲ್ಲ. ಆಕೆ ಕಣ್ಣೊರೆಸಿಕೊಳ್ಳುತ್ತ, ಮುನ್ನೂರು ಕಾರ್ಡಿಗೂ ಕರಿ ಪೆನ್ನಿನಿಂದ ಒತ್ತು ಬರೆದು ಮುಗಿಸಿದ ಮೇಲೆಯೇ ಹಂಚಲು ಕೊಟ್ಟಳು.