ಮಡ್‌ಗಾರ್ಡಿನ ಸೆರಗು

ಮೊನ್ನೆ ಸಜ್ಜದ ಮೇಲಿನ ಗೋಣಿಚೀಲ ಬಿಚ್ಚಿದಾಗ ಸುಟ್ಟ ಡಾಂಬರಿನ ವಾಸನೆ ಬಂತು. ಒಳಗೆ ಅಣ್ಣನ ಕೊಡತಿ ಇತ್ತು. ಹುಣಸೆ ಕಟ್ಟಿಗೆಯದು, ತಗಡು ಬಡಿಯುವ ಮರದ ಸುತ್ತಿಗೆ. ಇಷ್ಟು ವರ್ಷವಾದರೂ ಆ ವಾಸನೆ ಬಿಟ್ಟಿಲ್ಲ...

ಎಪ್ಪತ್ತರ ದಶಕ. ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮಿಬ್ಬರದು ತಗಡಿನ ಅಂಗಡಿ. ಡಬ್ಬಿ, ಬಕೆಟ್, ಚಿಮಣಿ ಮಾಡುತ್ತಿದ್ದೆವು. ಅಣ್ಣನ ಜೀವ ಮಾತ್ರ ಗಾಡಿಗಳ ಮೇಲೆ. ನಿಂತ ಬಸ್ಸಿನ ಮಡ್‌ಗಾರ್ಡನ್ನು ಎತ್ತಿನ ಬೆನ್ನು ಸವರಿದಂತೆ ಸವರುತ್ತಿದ್ದ. "ಒಮ್ಮಿ ಗಾಡಿ ಬಾಡಿ ಕಟ್ಟೂ ಕಡೆ ಕೆಲಸ ಸಿಗಬೇಕು ನೋಡು," ಎನ್ನುತ್ತಿದ್ದ. ಅವನು ಬಾಯಿಬಿಟ್ಟು ಬಯಸಿದ್ದು ಅದೊಂದನ್ನೇ.

ಒಂದು ಮಳೆಗಾಲ ಮುದ್ದೇಬಿಹಾಳದ ಕಡೆಯ ಗುತ್ತಿಗೆದಾರರೊಬ್ಬರು ಜೀಪು ತಂದು ನಿಲ್ಲಿಸಿದರು. ಎರೆಹೊಲದಲ್ಲಿ ಹೂತುಕೊಳ್ಳಬಾರದೆಂದು ಅಗಲ ಟೈರು ಹಾಕಿಸಿದ್ದರು. ಟೈರು ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಹೊರಗೆ ಚಾಚಿ, ಕೆಸರೆಲ್ಲ ಕೂತವರ ಮೈಮೇಲೆ ಬರುತ್ತಿತ್ತು.

"ಈ ಧೋತರ ನೋಡಿ ಮನಿಯಾಗ ಒಳಗ ಬಿಟ್ಟುಕೊಳ್ಳವಲ್ಲರು. ಏನರ ಮಾಡ್ರಪಾ," ಎಂದರು.

"ಮಡ್‌ಗಾರ್ಡಿಗಿ ಸೆರಗು ಹಚ್ಚೋಣ್ರಿ," ಎಂದ ಅಣ್ಣ.

ಟೈರು ಮುಚ್ಚುವಂತೆ ಮಡ್‌ಗಾರ್ಡಿನ ಅಂಚಿಗೆ ಜೋಡಿಸುವ ಅಂಥ ತಗಡನ್ನು ಅವನೂ ಎಲ್ಲಿಯೂ ನೋಡಿರಲಿಲ್ಲ. ಗುತ್ತಿಗೆದಾರರು ಜೀಪು ಬಿಟ್ಟುಹೋದ ಮೇಲೆ ಅಳತೆಪಟ್ಟಿಯನ್ನೂ ಮುಟ್ಟಲಿಲ್ಲ. ಜೀಪಿಗೆ ಹತ್ತಿದ್ದ ಎರೆಮಣ್ಣನ್ನೇ ಕೆರೆದು, ನಾದಿ, ಗಾಲಿಯ ಮೇಲಿನ ಕಮಾನಿಗೆ ಮೆತ್ತಿ, ತನಗೆ ಬೇಕಾದ ಆಕಾರ ತಿದ್ದಿದ.

ಚಹಾದಂಗಡಿಯವನು ಇಣುಕಿ, "ಏನೋ, ಜೀಪಿಗಿ ಉಡಿ ತುಂಬಾಕತ್ತೀಯೇನು?" ಎಂದ.

"ಹೌದೋ, ನೀ ಆರತಿ ತಗೊಂಡು ಬಾ," ಎಂದ ಅಣ್ಣ, ತಲೆ ಎತ್ತದೆ.

ಮಣ್ಣಿನ ಮೇಲೆ ಒದ್ದೆ ಕಾಗದ ಹಾಸಿ, ಒಣಗಿದ ಮೇಲೆ ಕತ್ತರಿಸಿ ಅಚ್ಚು ತೆಗೆದ. ಎಡಗಡೆಯದನ್ನು ತಗಡಿನ ಮೇಲೆ ಬರೆದು, ಅದೇ ಕಾಗದ ಮಗುಚಿ ಬಲಗಡೆಯದನ್ನು ಬರೆದ. ಹಿಂದಿನ ಜೋಡಿಗೂ ಹಾಗೆಯೇ ಮಾಡಿದ. ತಗಡು ಹಳೆಯ ಡಾಂಬರ್ ಡ್ರಮ್ಮಿನದು. ಸಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಆರಿ ಮೆತ್ತಗಾದ ಮೇಲೆ, ಉಸುಕು ತುಂಬಿದ ಚರ್ಮದ ಚೀಲದ ಮೇಲಿಟ್ಟು ಎಡಗೈಯಿಂದ ಬಡಿಯತೊಡಗಿದ. ಅಣ್ಣ ಎಡಚ. ಜೋರು ಇಲ್ಲ, ಅವಸರ ಇಲ್ಲ. ಅವ್ವ ರೊಟ್ಟಿ ಬಡಿದ ಹಾಗೆ ತಗಡನ್ನು ಸುತ್ತಿಸುತ್ತ ಬಡಿದ. ಸಪಾಟ ತಗಡು ನನ್ನ ಕಣ್ಣೆದುರಿಗೇ ಉಬ್ಬಿತು, ಬಾಗಿತು, ಒಂದು ಸುಕ್ಕಿಲ್ಲದೆ ಹೊರಳಿತು. ಬೆಂಕಿಗೆ ಕುಳ್ಳು ಹಾಕಿದ್ದು, ನಾನು ಮಾಡಿದ್ದು ಅಷ್ಟೇ.

ಅಂಚಿಗೆ ತಂತಿ ಇಟ್ಟು ಮಡಚಿದ. ಸದ್ದಾಗಬಾರದೆಂದು ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಬೋಲ್ಟು ಬಿಗಿದ. ನಾಲ್ಕೂ ಜೀಪಿನ ಸಂಗಡವೇ ಹುಟ್ಟಿದಂತೆ ಕೂತವು. ಸಂದಿಯಲ್ಲಿ ಉಗುರು ಹೋಗಲಿಲ್ಲ.

ತಿರುಗಿ ಬಂದ ಗುತ್ತಿಗೆದಾರರು ಜೀಪನ್ನು ಮುಳವಾಡದ ಕೆಸರು ದಾರಿಯಲ್ಲಿ ಓಡಿಸಿಕೊಂಡು ಬಂದರು. ಧೋತರಕ್ಕೆ ಒಂದು ಹನಿ ಇಲ್ಲ. ಅಣ್ಣ ಹಿಂದಿನ ಗಾಲಿಯ ಬಳಿ ಬಗ್ಗಿ ಪಾನಾದಿಂದ ಮತ್ತೆ ಬೋಲ್ಟು ಬಿಗಿಯುತ್ತಿದ್ದ. ಎದುರಿಗೆ ನಾನಿದ್ದೆ.

"ಯಾರ ಕೈಕೆಲಸಪಾ ಇದು? ಬಿಜಾಪುರದಾಗ ನಮ್ಮ ಅಳಿಯಂದು ಬಾಡಿ ಕಟ್ಟೂ ಗ್ಯಾರೇಜ ಐತಿ. ಇಂಥಾವ ಒಬ್ಬ ಬೇಕಾಗ್ಯಾನ."

"ನಂದರೀ," ಎಂದೆ.

ಯಾಕೆ ಹಾಗೆಂದೆ... ಪಾನಾ ತಿರುಗುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

"ಎಂಟು ದಿನಕ್ಕ ಬಾ ಹಂಗಾದ್ರ," ಎಂದು ಅವರು ಹೊರಟುಹೋದರು.

ಅಣ್ಣ ಕೈ ಒರೆಸಿಕೊಂಡು ಬಂದ. ಹೊಡೆಯುತ್ತಾನೆಂದು ಕಾದೆ. ಅವನು ಚರ್ಮದ ಚೀಲವನ್ನು ನನ್ನ ಮುಂದೆ ಸರಿಸಿದ.

"ನಂದು ಅಂದ ಮ್ಯಾಲ ಬರಬೇಕಲ್ಲೋ. ಕುಂದರು."

ಎಂಟು ದಿನ ಕಲಿಸಿದ. ಎಡಗೈಯವನು ನನಗಾಗಿ ಬಲಗೈಯಲ್ಲಿ ಬಡಿದು ತೋರಿಸಿದ. ಅದೂ ಸುಕ್ಕಿಲ್ಲದೆ ಬಂತು. ಹೊರಡುವ ದಿನ ಕೊಡತಿಯನ್ನೂ ಕೊಟ್ಟ.

ಗ್ಯಾರೇಜಿನಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಅಣ್ಣ ಕೊನೆಯವರೆಗೂ ಡಬ್ಬಿ ಮಾಡಿದ. ತಪ್ಪಾಯಿತೆಂದು ಹೇಳಬೇಕೆಂದುಕೊಂಡೇ ಊರಿನ ಬಸ್ಸು ಇಳಿಯುತ್ತಿದ್ದೆ. ಅವನೇ ಮೊದಲು ಕೇಳಿಬಿಡುತ್ತಿದ್ದ, "ಅಂಚು ಈಗ ಸುಕ್ಕಿಲ್ದಂಗ ಬರತೈತೇನೋ?" "ಬರತೈತಿ," ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು... ಅವನು ಹೋಗಿ ಬಹಳ ವರ್ಷವಾಯಿತು.

ಕೊಡತಿಯ ಹಿಡಿಯಲ್ಲಿ ಅವನ ಹೆಬ್ಬೆರಳು ಸವೆಸಿದ ತಗ್ಗಿದೆ. ನನ್ನ ಬಲಗೈಗೆ ಅದು ಎಂದೂ ಹೊಂದಲಿಲ್ಲ. ಬೇರೆ ಹಿಡಿ ಹಾಕಿಸಲು ಮನಸ್ಸಾಗದೆ ಕಟ್ಟಿಟ್ಟಿದ್ದೆ. ಮೊನ್ನೆ ಎಡಗೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿ ಆ ತಗ್ಗಿನಲ್ಲಿ ಕೂತಿತು. ಒಂದು ತಗಡಿನ ಚೂರು ಇಟ್ಟು ಬಡಿದೆ. ಸೊಟ್ಟಗಾಯಿತು.

"ನಂದಲ್ಲಣ್ಣಾ, ನಿಂದು," ಎಂದೆ. ಕೇಳುವವರು ಯಾರೂ ಇರಲಿಲ್ಲ.