ಟೆಕ್ನೀಷಿಯಂ ಭೇಟಿ

ಕಮಲಾಪುರದ ಆನಂದಕುಮಾರ ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಎನ್‌ಎಂಆರ್ ಯಂತ್ರ ನಡೆಸುತ್ತಿದ್ದರು. ತೆಳುವಾದ ಗಾಜಿನ ನಳಿಕೆಯಲ್ಲಿ ದ್ರಾವಣ ತುಂಬಿ ಆ ದೊಡ್ಡ ಅಯಸ್ಕಾಂತದೊಳಗೆ ಇಳಿಸಿದರೆ, ಅಣುವಿನ ರಚನೆ ಎಂಥದೆಂದು ಪರದೆಯ ಗೆರೆಗಳು ಹೇಳುತ್ತಿದ್ದವು. ಸಂಶೋಧನೆ ಮಾಡುತ್ತಿದ್ದ ಪ್ರೀತಿ ತರುತ್ತಿದ್ದುದು ರೀನಿಯಂ ಸಂಯುಕ್ತಗಳನ್ನು. ಆಸ್ಪತ್ರೆಯ ಸ್ಕ್ಯಾನಿಗೆ ಬೇಕಾದ ಟೆಕ್ನೀಷಿಯಂ ವಿಕಿರಣ ಸೂಸುವ ಲೋಹ. ಹಾಗಾಗಿ ಸ್ಕ್ಯಾನಿನ ಹೊಸ ಔಷಧವನ್ನು ಅದನ್ನೇ ಹೋಲುವ, ವಿಕಿರಣದ ಕಾಟವಿಲ್ಲದ ರೀನಿಯಂನಲ್ಲಿ ಮೊದಲು ಮಾಡಿ ನೋಡುತ್ತಿದ್ದಳು. ಆನಂದಕುಮಾರರಿಗೆ ಅದು ದಿನದ ಹತ್ತಾರು ನಳಿಕೆಗಳಲ್ಲಿ ಒಂದು, ಅಷ್ಟೇ.

ಈ ಬೇಸಿಗೆಯಲ್ಲಿ ಬಸ್ಸಿನಲ್ಲಿ ಬರುವಾಗ ಅವರಿಗೆ ಎದೆ ಹಿಡಿದಂತಾಯಿತು. ಆಸ್ಪತ್ರೆಯಲ್ಲಿ ಹೃದಯದ ಸ್ಕ್ಯಾನಿಗೆ ಮುಂಚೆ ನರ್ಸ್ ಸೂಜಿ ಹಿಡಿದು, “ಟೆಕ್ನೀಷಿಯಂ ಇಂಜೆಕ್ಷನ್ ರೀ, ಹೆದರಬ್ಯಾಡ್ರಿ” ಎಂದಳು. ಅವರಿಗೆ ನಗು ಬಂತು.

ಪಕ್ಕದಲ್ಲಿದ್ದ ಹೆಂಡತಿ ಪಂಚಶೀಲಾ ಗಾಬರಿಯಾದರು. “ಇಂಥಾದ್ರಾಗ ಯಾಕ ನಗ್ಲಾಕತ್ತೀರಿ?”

“ಇಷ್ಟು ವರ್ಷ ಬರೇ ಹೆಸರು ಕೇಳಿದ್ದೆ. ಇವತ್ತು ನನ್ನ ಮೈಯಾಗೇ ಬಂತು ನೋಡು.”

ಅದೃಷ್ಟಕ್ಕೆ ತೊಂದರೆ ಗುಳಿಗೆಯಲ್ಲೇ ಹತೋಟಿಗೆ ಬರುವಷ್ಟಿತ್ತು. ಕೆಲಸಕ್ಕೆ ಮರಳಿದ ದಿನ ಪ್ರೀತಿ ನಳಿಕೆ ತಂದಾಗ ಅವರು ಮೊದಲ ಸಲ ಕೇಳಿದರು, “ಇದು ಮೈಯಾಗ ಎಲ್ಲಿಗಿ ಹೋಗೂದವ್ವಾ?”

“ಮಿದುಳಿಗ್ರೀ ಸರ್. ಮುಟ್ಟತದೋ ಇಲ್ಲೋ ಇನ್ನಾ ಗೊತ್ತಿಲ್ರೀ.”

ಅಂದು ಗೆರೆಗಳು ಮಸುಕಾಗಿ ಮೂಡಿದವು. ಆನಂದಕುಮಾರ ಸಂಜೆಯ ಬಸ್ಸು ಹೋದರೆ ಹೋಗಲಿ ಎಂದು, ಯಂತ್ರವನ್ನು ಇನ್ನಷ್ಟು ಹೊತ್ತು ಓಡಲು ಹಚ್ಚಿ, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತರು. ನಿಧಾನಕ್ಕೆ ಗೆರೆಗಳು ಎದ್ದು ನಿಂತವು. ಪ್ರೀತಿ ಅಂದುಕೊಂಡ ಸಂಯುಕ್ತವೇ ಅದಾಗಿತ್ತು.